ಯುರೋಪಿನ ಬೀದಿಗಳನ್ನು ಬಲ್ಲ ಮಾಲಿ

ಮನುಷ್ಯ ಅನ್ಯಾಯವನ್ನು ಸಹಿಸಿಕೊಳ್ಳುವುದಕ್ಕೂ ಒಂದು ಮಿತಿಯಿದೆ, ಆ ಮಿತಿ ದಾಟಿದ ದಿನ ಅವನು ಬೀದಿಗೆ ಇಳಿಯುತ್ತಾನೆ ಎಂದು ಇತಿಹಾಸ ಬಲ್ಲವರು ಹೇಳುತ್ತಾರೆ. ಇರಬಹುದು. ಒಮಾನಿನ ಮಸ್ಕತ್ತಿನಲ್ಲಿ, ನಮ್ಮ ಆಫೀಸಿದ್ದ ರೂವಿಯಲ್ಲಿ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೀದಿಗೆ ಇಳಿದರೆ ಚಪ್ಪಲಿಯ ಮೂಲಕವೂ ಅಂಗಾಲು ಸುಡುತ್ತಿತ್ತು. ಆದ್ದರಿಂದ ಆ ಹೊತ್ತಿನಲ್ಲಿ ನಾವು ಊಟ ಮಾಡಿ ಮಲಗುತ್ತಿದ್ದೆವು. ಉಳಿದ ಹೊತ್ತಿನಲ್ಲಿ ಆಫೀಸು ಇರುತ್ತಿತ್ತು. ಇತಿಹಾಸಕ್ಕೆ ಬಿಡುವು ಸಿಗುತ್ತಿದ್ದುದು ವಾರದ ರಜೆಯಾದ ಶುಕ್ರವಾರ ಮಾತ್ರ, ಅದೂ ಬಟ್ಟೆ ಒಗೆದ ಮೇಲೆ.

ಬೀದಿ ಹೋರಾಟಗಳ ಬಗ್ಗೆ ನನಗೆ ಗೊತ್ತಿರುವುದನ್ನೆಲ್ಲ ಕಲಿಸಿದವರು ಜೀವಮಾನದಲ್ಲಿ ಒಂದು ಘೋಷಣೆಯನ್ನೂ ಕೂಗದ ಮನುಷ್ಯ. ಅವರ ಕನ್ನಡಕದ ಎಡಗಾಲು ಯಾವ ಕಾಲದಲ್ಲೋ ಮುರಿದಿತ್ತು. ದೇಶದಿಂದ ದೇಶಕ್ಕೆ ತಂತಿಯ ಮೇಲೆ ಸಂದೇಶ ಕುಟ್ಟಿ ಕಳಿಸುವ ಟೆಲೆಕ್ಸ್ ಯಂತ್ರದಿಂದ ಬರುವ, ಸಾಲಾಗಿ ತೂತು ಬಿದ್ದ ಹಳದಿ ಕಾಗದದ ಪಟ್ಟಿಯನ್ನು ಆ ಕಾಲಿಗೆ ಸುತ್ತಿ, ಮೇಲೆ ಅಂಟು ಹಚ್ಚಿ ಅವರು ರಿಪೇರಿ ಮಾಡಿಕೊಂಡಿದ್ದರು. ಬೆವರಿಗೆ ಆ ಹಳದಿ ಬಣ್ಣ ಕಿವಿಯ ಹಿಂದೆ ಇಳಿದು, ಯಾವಾಗ ನೋಡಿದರೂ ಅರಿಶಿನದ ನೀರಿನಲ್ಲಿ ಮಿಂದು ಬಂದವರಂತೆ ಕಾಣುತ್ತಿದ್ದರು. ಆ ಪಟ್ಟಿಯಲ್ಲಿ ಜರ್ಮನಿಯ ಹ್ಯಾಂಬರ್ಗಿನಿಂದ ಬಂದ ಒಂದು ಮುಖ್ಯ ಸಂದೇಶವಿದೆ, ಓದಬೇಕಾದರೆ ಅವರ ಕಿವಿ ಬಿಚ್ಚಬೇಕು ಎಂದು ಆಫೀಸಿನ ಲೆಕ್ಕ ಬರೆಯುತ್ತಿದ್ದ ನಮ್ಮ ಲೆಕ್ಕದವರು ಹೊಸಬರಿಗೆ ಹೇಳುವುದಿತ್ತು.

ನಮ್ಮ ಕಡೆಯ ತುಳು ಮಾತಿನವರು ಮಂಗಳೂರಿನ ಕ್ರಿಶ್ಚಿಯನ್ ಹಿರಿಯರನ್ನು ಕರೆಯುವ ಹಾಗೆ ನಾವೆಲ್ಲರೂ ಅವರನ್ನು ಪುರ್ಬುಗಳು ಎಂದೇ ಕರೆಯುತ್ತಿದ್ದೆವು. ಅವರು ನಮ್ಮ ಆಮದು ವಿಭಾಗದ ಮುಖ್ಯಸ್ಥರು. ಇಟಲಿಯ ಟೈಲ್ಸು, ಜರ್ಮನಿಯ ಪಂಪು, ಫ್ರಾನ್ಸಿನ ಗಾಜು, ಗ್ರೀಸಿನ ಅಮೃತಶಿಲೆ, ಇಂಗ್ಲೆಂಡಿನ ವಾಲ್ವುಗಳನ್ನು ತರಿಸಿ, ಆಗ ಹೊಸದಾಗಿ ಏಳುತ್ತಿದ್ದ ಮಸ್ಕತ್ತಿನ ಮನೆಗಳಿಗೆ ಮಾರುವುದು ಕಂಪನಿಯ ಕೆಲಸ. ಟೆಲೆಕ್ಸ್ ಕುಟ್ಟುವುದು ನನ್ನ ಕೆಲಸ. ಕುಂದಾಪುರದಿಂದ ನೇರ ಬಂದವನು ನಾನು. ಯುರೋಪು ಎಂದರೆ ನನಗೆ ಶಾಲೆಯ ಭೂಪಟದಲ್ಲಿ ಬಣ್ಣ ಹಚ್ಚಲು ಅತಿ ಕಷ್ಟವಾದ ಖಂಡ, ಅಷ್ಟೆ.

ಪುರ್ಬುಗಳೂ ಯುರೋಪನ್ನು ಕಂಡವರಲ್ಲ. ಆದರೆ ಅವರ ಮೇಜಿನ ಹಿಂದೆ ಪಂಪು ಕಂಪನಿಯವರು ಕೊಟ್ಟ ಯುರೋಪಿನ ದೊಡ್ಡ ನಕ್ಷೆಯಿತ್ತು. ಅದರ ತುಂಬ ಬಣ್ಣದ ಗುಂಡುಪಿನ್ನುಗಳು. ಬಿಳಿಯದೆಂದರೆ ಬಂದರು ತೆರೆದಿದೆ. ಕೆಂಪೆಂದರೆ ಮುಷ್ಕರ. ಹಸಿರೆಂದರೆ ತೆರೆದಿದೆ ಎನ್ನುತ್ತಾರೆ, ನಂಬಬೇಡ. ದಿನಾ ಬೆಳಿಗ್ಗೆ ಕಿವಿಗೆ ಶಾರ್ಟ್‌ವೇವ್ ರೇಡಿಯೊ ಹಿಡಿದು ಸುದ್ದಿ ಕೇಳಿ, ಬಂದ ಟೆಲೆಕ್ಸುಗಳನ್ನು ಓದಿ, ಪೂಜೆಗೆ ಹೂವಿಡುವವರ ಗಾಂಭೀರ್ಯದಲ್ಲಿ ಪಿನ್ನು ಬದಲಾಯಿಸುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಮಾತನಾಡಿಸಬಾರದು.

"ನೋಡು ಪುತಾ," ಎಂದು ಅವರು ಮೊದಲ ವಾರವೇ ನನಗೆ ಪಾಠ ಶುರು ಮಾಡಿದರು. ಕೊಂಕಣಿಯಲ್ಲಿ ಪುತಾ ಎಂದರೆ ಮಗನೇ ಎಂದು. "ಕಷ್ಟ ಎಲ್ಲ ದೇಶಕ್ಕೂ ಬರ್ತದೆ. ಬೆಲೆ ಏರ್ತದೆ, ಕೆಲಸ ಹೋಗ್ತದೆ. ಆದ್ರೆ ಒಬ್ಬೊಬ್ಬ ಒಂದೊಂದು ನಮೂನೆ ಬೀದಿಗೆ ಬರ್ತಾನೆ. ಅವ ಹೇಗೆ ಬರ್ತಾನೆ ಅಂತ ಗೊತ್ತಿದ್ರೆ, ನಮ್ಮ ಟೈಲ್ಸ್ ಯಾವಾಗ ಬರ್ತದೆ ಅಂತ ಗೊತ್ತಾಗ್ತದೆ."

ಜರ್ಮನಿಯವರು ಮೊದಲು ಮಾಲೀಕರ ಜೊತೆ ಮೇಜಿಗೆ ಕೂರುತ್ತಾರೆ. ಮಾತು ಮುರಿದರೆ ಸಾಲಾಗಿ ನಡೆಯುತ್ತಾರೆ, ಹೇಳಿದ ಹೊತ್ತಿಗೆ ಮುಗಿಸುತ್ತಾರೆ. ಇಟಲಿಯವರು ಮುಂಚಿತವಾಗಿ ನೋಟೀಸು ಕೊಟ್ಟು, ಕೆಲವೇ ಗಂಟೆಗಳ ಕಾಲ ಇಡೀ ದೇಶವನ್ನು ನಿಲ್ಲಿಸಿ, ಆಮೇಲೆ ಊಟಕ್ಕೆ ಹೋಗುತ್ತಾರೆ. ಫ್ರಾನ್ಸಿನವರದು ನೋಟೀಸಿಲ್ಲದ ಕಾರಭಾರು: ಲಾರಿಯವರು ಹೆದ್ದಾರಿಗೆ ಅಡ್ಡ ನಿಲ್ಲುತ್ತಾರೆ, ರೈತರು ಸರಕಾರಿ ಕಚೇರಿಯ ಬಾಗಿಲಿಗೆ ಟೊಮೆಟೊ ಸುರಿಯುತ್ತಾರೆ. ಗ್ರೀಸಿನಲ್ಲಿ ಬಂದರು ಯಾಕೆ ಮುಚ್ಚಿತು ಎಂದು ಕೇಳುವುದರೊಳಗೆ ತೆರೆದಿರುತ್ತದೆ. ಪೋಲೆಂಡಿನಲ್ಲಿ ಮಾಂಸದ ಬೆಲೆ ಏರಿತು ಎಂದರೆ ಹಡಗುಕಟ್ಟೆಯ ಕೆಲಸಗಾರರು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ. ಅಲ್ಲಿಯ ಬೀದಿಯಲ್ಲಿ ಬಂದೂಕುಗಳಿವೆ. ಇಂಗ್ಲೆಂಡಿನ ಉತ್ತರದ ಗಣಿಯೂರುಗಳ ವಿಷಯ ಬಂದಾಗ ಮಾತ್ರ ಪುರ್ಬುಗಳು ದನಿ ತಗ್ಗಿಸುತ್ತಿದ್ದರು. "ಅವ್ರದ್ದು ಉದ್ದ ಮಾರಾಯ. ಇಡೀ ಚಳಿಗಾಲ. ಹೆಂಗಸರು ದೊಡ್ಡ ಪಾತ್ರೆಯಲ್ಲಿ ಅಡುಗೆ ಮಾಡಿ ಊರಿಗೇ ಬಡಿಸ್ತಾರೆ. ಕಡೆಗೆ ಸೋಲ್ತಾರೆ. ಸೋತ ದಿನ ಬ್ಯಾಂಡು ಬಾರಿಸಿಕೊಂಡು ಕೆಲಸಕ್ಕೆ ಹೋಗ್ತಾರೆ."

ಇದೆಲ್ಲದರ ತಿರುಳು ಎಂದು ಅವರು ಬೆರಳೆತ್ತಿ ಹೇಳುತ್ತಿದ್ದ ಮಾತು ಒಂದಿತ್ತು. "ಕೆಲಸ ಹೋದವ ಬೀದಿಗೆ ಬರುದಿಲ್ಲ. ಅವನಿಗೆ ನಾಚಿಕೆ, ಅವ ಮನೆಯಲ್ಲಿ ಕೂತ್ಕೊಳ್ತಾನೆ. ಕೆಲಸ ಹೋಗ್ತದೆ ಅಂತ ಹೆದರಿದವ ಬರ್ತಾನೆ. ಹಾಗಾಗಿ ಎಂತ ಮಾಡುದಿದ್ರೂ ಕೆಲಸ ತೆಗೆಯುವ ಕಾಗದಕ್ಕೆ ಸಹಿ ಬೀಳುವ ಮೊದಲು."

ಸಿದ್ಧಾಂತ ಸದಾ ಸರಿಯಾಗುತ್ತಿತ್ತು ಎಂದೇನಲ್ಲ. ಒಮ್ಮೆ ಇಟಲಿಯ ಜಿನೋವಾ ಬಂದರಿನಲ್ಲಿ ಮುಷ್ಕರವೆಂದು ಮುನ್ನೆಚ್ಚರಿಕೆಯಿಂದ ನಮ್ಮ ಟೈಲ್ಸುಗಳನ್ನು ರಸ್ತೆಯ ಮೇಲೆ ಫ್ರಾನ್ಸಿನ ಬಂದರು ಮಾರ್ಸೇಲ್ಸಿಗೆ ಕಳಿಸಿದರು. ಜಿನೋವಾದವರು ಸಂಜೆಗೇ ಕೆಲಸಕ್ಕೆ ಮರಳಿದರು. ಅವರಿಗೆ ಬೆಂಬಲ ಸೂಚಿಸಿ ಮಾರ್ಸೇಲ್ಸಿನವರು ಮುಷ್ಕರ ಹೂಡಿದರು. ಟೈಲ್ಸುಗಳು ಎಷ್ಟೋ ವಾರ ಫ್ರಾನ್ಸಿನ ಬಿಸಿಲು ಕಾಯಿಸಿದವು. ಪುರ್ಬುಗಳು ನಕ್ಷೆಯ ಮುಂದೆ ನಿಂತು ತುಂಬಾ ಹೊತ್ತು ಯೋಚಿಸಿ, "ಸಿದ್ಧಾಂತ ಸರಿಯೇ ಉಂಟು. ಫ್ರೆಂಚರು ಸರಿ ಇಲ್ಲ" ಎಂದು ತೀರ್ಪು ಕೊಟ್ಟರು.

ಇನ್ನು ನಮ್ಮ ಕಾರ್ಡುಗಳ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಒಮಾನಿನಲ್ಲಿ ಕೆಲಸ ಮಾಡುವ ಪರದೇಶಿಗೆ ಲೇಬರ್ ಕಾರ್ಡು ಕಡ್ಡಾಯ. ಅಲ್ಲಿಯ ಮಾತಿನಲ್ಲಿ ಬತಾಕ. ಅದರಲ್ಲಿ ಹೆಸರು, ಫೋಟೊ, ಉದ್ಯೋಗ. ನಮ್ಮ ಕಫೀಲ್, ಎಂದರೆ ನಮಗೆ ವೀಸಾ ಕೊಟ್ಟ ಒಡೆಯರು, ಬಹು ವ್ಯವಹಾರಗಳ ಮನುಷ್ಯ. ಬರ್ಕಾದಲ್ಲಿ ಖರ್ಜೂರದ ತೋಟ, ಮತ್ರಾದಲ್ಲಿ ಕ್ಷೌರದಂಗಡಿ, ಒಂದು ದರ್ಜಿ ಅಂಗಡಿ, ಒಂದು ವೆಲ್ಡಿಂಗ್ ಶೆಡ್ಡು, ಕೊನೆಗೆ ನಮ್ಮ ಕಂಪನಿ. ವೀಸಾಗಳು ಯಾವ ಅಂಗಡಿಯ ಲೆಕ್ಕದಲ್ಲಿ ಉಳಿದಿದ್ದವೋ ಅದರಲ್ಲಿ ನಮ್ಮನ್ನು ತರಿಸಿಕೊಂಡಿದ್ದರು. ಹೀಗಾಗಿ ಸರಕಾರದ ದೃಷ್ಟಿಯಲ್ಲಿ ಪುರ್ಬುಗಳು ತೋಟದ ಮಾಲಿ. ನಾನು ಕ್ಷೌರಿಕ. ಉಡುಪಿಯ ಕಡೆಯ ಲೆಕ್ಕದವರು ವೆಲ್ಡರ್. ಬಂದರಿನಿಂದ ಮಾಲು ಬಿಡಿಸಿ ತರುವ ಮೂವರು ಗುಮಾಸ್ತರು ದರ್ಜಿಗಳು. ಕಾಸರಗೋಡಿನಿಂದ ಬಂದು ನಮಗೆಲ್ಲ ಚಾಯ ಮಾಡಿಕೊಡುತ್ತಿದ್ದ ಇಕ್ಕ (ಅವನ ಮಾತಿನಲ್ಲಿ ಅಣ್ಣ ಎಂದು) ಮಾತ್ರ ಸರಕಾರದ ದಾಖಲೆಯಲ್ಲಿ ಅಕೌಂಟೆಂಟ್. ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಎಲ್ಲ ಆಫೀಸುಗಳಲ್ಲೂ ಹಾಗೆಯೇ ಇತ್ತು.

ಎಂಬತ್ತಾರರಲ್ಲಿ ಕಚ್ಚಾ ಎಣ್ಣೆಯ ಬೆಲೆ ಬಿತ್ತು. ಅದರ ಹಿಂದೆಯೇ ಒಮಾನಿನ ನಾಣ್ಯ ರಿಯಾಲೂ ಒಂದಿಷ್ಟು ಇಳಿಯಿತು. ಅರ್ಧ ಎದ್ದ ಮನೆಗಳು ಅರ್ಧಕ್ಕೇ ನಿಂತವು; ಟೈಲ್ಸು ಕೇಳುವವರಿಲ್ಲ. ಖರ್ಚು ಇಳಿಸುವುದು ಹೇಗೆಂದು ಹೇಳಲು ನಮ್ಮ ಅರ್ಬಾಬ್ (ಒಡೆಯರನ್ನು ಹಾಗೆ ಕರೆಯುವುದು ಅಲ್ಲಿಯ ರೂಢಿ) ಒಬ್ಬ ಇಂಗ್ಲಿಷ್ ಸಲಹೆಗಾರನನ್ನು ಕರೆಸಿದರು. ಆತ ಸಮುದ್ರದ ಪಕ್ಕದ ಹೋಟೆಲಿನಲ್ಲಿ ತಂಗಿದ. ನಮ್ಮ ಕಟ್ಟಡದ ಲಿಫ್ಟು ಕೆಟ್ಟಿತ್ತು, ಆತ ಮೆಟ್ಟಿಲು ಹತ್ತಲಿಲ್ಲ. ಲೇಬರ್ ಕಚೇರಿಗೆಂದು ಇಟ್ಟಿದ್ದ ಸಿಬ್ಬಂದಿ ಪಟ್ಟಿಯನ್ನು ತರಿಸಿಕೊಂಡು, ಒಂದು ಆಮದು ವಿಭಾಗಕ್ಕೆ ಮಾಲಿ, ಕ್ಷೌರಿಕ, ವೆಲ್ಡರ್ ಮತ್ತು ಮೂವರು ದರ್ಜಿಗಳು ಯಾಕೆ ಬೇಕೆಂದು ಬೆರಗಾಗಿ, ಎಲ್ಲರನ್ನೂ ಊರಿಗೆ ಕಳಿಸಬಹುದೆಂದು ಬರೆದ. ಉಳಿಸಿಕೊಳ್ಳಬೇಕಾದ್ದು ಅಕೌಂಟೆಂಟ್ ಒಬ್ಬನನ್ನು. ಆತನ ತರ್ಕದಲ್ಲಿ ದೋಷ ಹುಡುಕಲು ನನಗೆ ಇವತ್ತಿಗೂ ಆಗಿಲ್ಲ.

ಮುಖ್ಯ ಕಚೇರಿಯಲ್ಲಿ ಅದನ್ನು ಟೈಪು ಮಾಡಿದವರು ನಮ್ಮ ಕಡೆಯವರೇ. ಶುಕ್ರವಾರ ಬಂದು ಹೇಳಿದರು. ಬರುವ ಸೋಮವಾರ ಅರ್ಬಾಬ್ ಎಂದಿನಂತೆ ನಮ್ಮಲ್ಲಿಗೆ ಬಂದು ಕಾಗದಗಳಿಗೆ ಓದದೆ ಸಹಿ ಹಾಕುವಾಗ ಇದಕ್ಕೂ ಸಹಿ.

ಮೇ ತಿಂಗಳಲ್ಲಿ ನನ್ನ ಮದುವೆ ನಿಗದಿಯಾಗಿತ್ತು. ಭಾವೀ ಮಾವನವರು ಒಪ್ಪಿದ್ದು ನನ್ನ ರೂಪಕ್ಕಲ್ಲ, ಮಸ್ಕತ್ತಿಗೆ. ಎಣ್ಣೆಯ ಸುದ್ದಿ ಪೇಪರಿನಲ್ಲಿ ನೋಡಿದವರೇ ಅಂಗಡಿಯ ಫೋನಿನಿಂದ ಕರೆ ಮಾಡಿ, "ಕೆಲಸ ಗಟ್ಟಿ ಉಂಟಲ್ಲ?" ಎಂದು ಕೇಳಿದ್ದರು. ಗಟ್ಟಿ ಉಂಟು ಎಂದಿದ್ದೆ.

ಭಾನುವಾರ ಚಾಯದ ಹೊತ್ತಿಗೆ ವಿಭಾಗವೆಲ್ಲ ಪುರ್ಬುಗಳ ಮೇಜಿನ ಸುತ್ತ ಸೇರಿತು. ಎಲ್ಲರಿಗಿಂತ ಹೆಚ್ಚು ಕಂಗಾಲಾಗಿದ್ದವನು ಉಳಿಯಲಿದ್ದ ಇಕ್ಕ.

"ಸಾರೇ, ಎಲ್ಲರೂ ಹೋದ್ರೆ ನಾನೊಬ್ಬ ಎಂತ ಮಾಡುದು? ನನಗೆ ಕೂಡಿಸ್ಲಿಕ್ಕೆ ಬರ್ತದೆ. ಕಳೀಲಿಕ್ಕೆ ಬರುದಿಲ್ಲ."

"ಅರ್ಬಾಬರಿಗೆ ಹೋಗಿ ಹೇಳುವಾ," ಎಂದರು ಲೆಕ್ಕದವರು. "ನಾವು ಮಾಲಿ, ವೆಲ್ಡರ್ ಅಲ್ಲ ಅಂತ."

"ಯಾರ ಎದುರು ಹೇಳ್ತೀರಿ?" ಎಂದರು ಪುರ್ಬುಗಳು. "ಆ ಬಿಳಿಯನ ಎದುರಾ? ನಮ್ಮ ಕಾರ್ಡು ಸುಳ್ಳು ಅಂತ ನಾವೇ ಬಾಯಿಬಿಟ್ರೆ ಮೊದಲು ವಿಮಾನ ಹತ್ತುದು ನಾವು. ದಂಡ ಕಟ್ಟುದು ಅರ್ಬಾಬ್. ಅವರ ಮರ್ಯಾದೆ ತೆಗ್ದು ನಾವು ಉಳಿಯುದುಂಟಾ?"

"ಹಾಗಾದ್ರೆ?"

ಪುರ್ಬುಗಳು ಎದ್ದು ನಕ್ಷೆಯ ಮುಂದೆ ನಿಂತರು. ಮೂವತ್ತು ವರ್ಷ ಅಡುಗೆಯ ಪುಸ್ತಕ ಓದಿದವನಿಗೆ ಮೊದಲ ಸಲ ಒಲೆ ಹಚ್ಚುವ ಅವಕಾಶ ಸಿಕ್ಕಿದಂತೆ ಅವರ ಮುಖ ಬೆಳಗುತ್ತಿತ್ತು. ವಿಭಾಗವೊಂದು ಮುಳುಗುತ್ತಿರುವಾಗ ಹಾಗೆ ಬೆಳಗುವುದು ಸರಿಯಲ್ಲ ಎಂದು ಅವರಿಗೂ ಅನಿಸಿರಬೇಕು, ಕೆಮ್ಮಿದರು.

"ಫ್ರೆಂಚ್ ಪದ್ಧತಿ ಆಗ್ಲಿಕ್ಕಿಲ್ಲ. ರಸ್ತೆಗೆ ಅಡ್ಡ ನಿಂತ್ರೆ ನಮ್ಮನ್ನು ಎತ್ತಿ ನೇರ ವಿಮಾನ ನಿಲ್ದಾಣಕ್ಕೆ ಹಾಕ್ತಾರೆ. ಇಂಗ್ಲಿಷ್ ಪದ್ಧತಿ ಉದ್ದ. ಅಷ್ಟು ದಿನ ನಮ್ಮ ವೀಸಾ ಇಲ್ಲ. ಜರ್ಮನ್ ಪದ್ಧತಿಗೆ ಮಾಲೀಕರ ಜೊತೆ ಮೇಜು ಬೇಕು, ನಮ್ಮದು ಬರೀ ಚಾಯದ ಮೇಜು. ಪೋಲೆಂಡಿನ ಹಾಗೆ ಚಿಲಕ ಹಾಕುವಾ ಅಂದ್ರೆ ನಮ್ಮ ಬಾಗಿಲಿಗೆ ಚಿಲಕವೇ ಇಲ್ಲ." ಅವರ ಬೆರಳು ಕೆಳಗಿಳಿದು ಜಿನೋವಾದ ಮೇಲೆ ನಿಂತಿತು. "ಇಟಲಿ. ಅವರಲ್ಲಿ ಇನ್ನೊಂದು ನಮೂನೆ ಉಂಟು. ಕೆಲಸ ಬಿಡುದೇ ಇಲ್ಲ. ನಿಯಮದಲ್ಲಿ ಎಂತ ಬರ್ದಿದೆಯೋ ಅಷ್ಟು ಮಾತ್ರ ಮಾಡುದು. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಡಿಮೆ ಇಲ್ಲ. ಎಲ್ಲ ನಿಲ್ತದೆ, ಯಾರದ್ದೂ ತಪ್ಪಿಲ್ಲ."

"ನಮಗೆಲ್ಲಿ ನಿಯಮ ಬರ್ದಿದೆ?" ಎಂದೆ.

ಪುರ್ಬುಗಳು ಜೇಬಿನಿಂದ ತಮ್ಮ ಬತಾಕ ತೆಗೆದು ಮೇಜಿನ ಮೇಲಿಟ್ಟರು. ಎಲ್ಲರೂ ಬಾಗಿ ನೋಡಿದೆವು. ಲೆಕ್ಕದವರು ಮೆಲ್ಲಗೆ, "ದೇವ್ರೇ, ನನಗೆ ವೆಲ್ಡಿಂಗ್ ಬರುದಿಲ್ಲ ಪುರ್ಬುಲೇ" ಎಂದರು.

"ನಂಗೂ ಗಿಡ ಗೊತ್ತಿಲ್ಲ. ನಾಳೆ ಒಂದು ಗಂಟೆಯವರೆಗೆ ಮಾತ್ರ."

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಆದರೆ ಇಟಲಿಯ ಪದ್ಧತಿ ಎಂದ ಮೇಲೆ ನೋಟೀಸು ಕೊಡಬೇಕು ಎಂದು ಪುರ್ಬುಗಳು ಹಟ ಹಿಡಿದರು. ನೋಟೀಸು ಕೊಡದೆ ಮಾಡುವವ ಫ್ರೆಂಚನಂತೆ. ಅರ್ಬಾಬರಿಗೆ ಬರೆದುಕೊಡುವಂತಿಲ್ಲ, ಅದೇ ಸಾಕ್ಷಿಯಾಗುತ್ತದೆ. ಆದ್ದರಿಂದ ಆಫೀಸಿನ ಹಳೆಯ ಅಭ್ಯಾಸದಂತೆ ಮಾಲು ಕಳಿಸುವವರಿಗೆಲ್ಲ ತಿಳಿಸುವುದೆಂದಾಯಿತು. ಅವರು ಹೇಳಿದರು, ನಾನು ಕುಟ್ಟಿದೆ: ಆರ್ಥಿಕ ಸಂಕಷ್ಟದ ಕಾರಣ ಸೋಮವಾರ ನಮ್ಮ ಸಿಬ್ಬಂದಿಯ ಪ್ರತಿಭಟನೆ, ಉತ್ತರಗಳು ತಡವಾದರೆ ಕ್ಷಮಿಸಿ. ಯುರೋಪಿಗೆ ಅಂದು ರಜೆ. ಸಂದೇಶ ಐದು ಊರುಗಳ ಖಾಲಿ ಆಫೀಸುಗಳಲ್ಲಿ ಸದ್ದು ಮಾಡಿ ಬಿದ್ದಿರಬೇಕು.

ಸೋಮವಾರ ಬೆಳಿಗ್ಗೆ ಅರ್ಬಾಬ್ ಮೆಟ್ಟಿಲು ಹತ್ತಿ ಬಂದಾಗ ಮೇಲಿನಿಂದ ನೀರು ಇಳಿದುಬರುತ್ತಿತ್ತು. ಮೆಟ್ಟಿಲ ತುದಿಯಲ್ಲಿ ಕುಂಡದಲ್ಲೊಂದು ಕಾಗದದ ಹೂವಿನ ಗಿಡ, ಬೋಗನ್‌ವಿಲ್ಲಾ. ನಮ್ಮ ಆಫೀಸಿನಲ್ಲಿದ್ದ ಏಕೈಕ ಸಸ್ಯ. ಪುರ್ಬುಗಳು ಟೈ ಕಟ್ಟಿ, ಪ್ಯಾಂಟು ಮೊಳಕಾಲಿಗೆ ಮಡಚಿ, ಇಕ್ಕನ ಚಾಯದ ಕೆಟಲಿನಿಂದ ಅದಕ್ಕೆ ನೀರೆರೆಯುತ್ತಿದ್ದರು. ಎಂಟು ಗಂಟೆಯಿಂದ ಎರೆಯುತ್ತಿದ್ದರು. ಮಾಲಿ ಮಾಡುವ ಬೇರೆ ಯಾವ ಕೆಲಸವೂ ಅವರಿಗೆ ಹೊಳೆದಿರಲಿಲ್ಲ.

ಅರ್ಬಾಬ್ ಮುಂಬಯಿಯಲ್ಲಿ ಶಾಲೆ ಕಲಿತವರು. ಅವರ ಹಿಂದಿ ನಮ್ಮದಕ್ಕಿಂತ ಚೆನ್ನಾಗಿತ್ತು, ಅದರಲ್ಲೇ ಕೇಳಿದರು. "ಇದೇನು ಮಾಡ್ತಿದ್ದೀರಿ?"

"ಗಿಡಕ್ಕೆ ನೀರು, ಅರ್ಬಾಬ್."

"ಈ ಗಿಡಕ್ಕೆ ಇಷ್ಟು ನೀರೇ? ಕೊಲ್ಲಬೇಕು ಅಂತಿದ್ದೀರಾ? ಬರ್ಕಾದಲ್ಲಿ ನನ್ನ ಮಾಲಿ ಯಾರಾದರೂ ಹೀಗೆ ಮಾಡಿದ್ದರೆ ಅವನನ್ನೇ ಬಾವಿಗೆ ಇಳಿಸುತ್ತಿದ್ದೆ."

"ನಾನೂ ನಿಮ್ಮ ಬರ್ಕಾದ ಮಾಲಿಯೇ," ಎಂದು ಪುರ್ಬುಗಳು ಒದ್ದೆ ಕೈಯಲ್ಲಿ ಬತಾಕ ನೀಡಿದರು.

ಅರ್ಬಾಬ್ ಅದನ್ನು ಓದಿದರು. ತಿರುಗಿಸಿ ನೋಡಿದರು. ಅದನ್ನು ಹಿಂದಕ್ಕೆ ಕೊಟ್ಟು ಒಳಗೆ ಬಂದರು. ಒಳಗೆ ಲೆಕ್ಕದವರು ವೆಲ್ಡಿಂಗಿನ ಮುಖವಾಡ ಸಿಗದೆ ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಯ ಸರಳುಗಳನ್ನು ಪರೀಕ್ಷಿಸುತ್ತಿದ್ದರು. ಮೂವರು ದರ್ಜಿಗಳು ಒಂದೇ ಅಂಗಿಯ ಗುಂಡಿಗಳನ್ನು ಕಿತ್ತು ಕಿತ್ತು ಹೊಲಿಯುತ್ತಿದ್ದರು. ಇಕ್ಕ ಲೆಕ್ಕದ ಮೇಜಿನಲ್ಲಿ ಕೂತು ಕೂಡಿಸುವ ಯಂತ್ರವನ್ನು ಒತ್ತುತ್ತ, ಅದರಿಂದ ಹೊರಬರುವ ಕಾಗದದ ಸುರುಳಿಯನ್ನು ನೋಡಿ ಸಂತೋಷಪಡುತ್ತಿದ್ದ. ನಾನು ಭುಜಕ್ಕೆ ಟವೆಲು ಹಾಕಿ, ಲಕೋಟೆ ಕತ್ತರಿಸುವ ಕತ್ತರಿ ಹಿಡಿದು ಒಂದು ಕುರ್ಚಿಯ ಹಿಂದೆ ನಿಂತಿದ್ದೆ. ಅರ್ಬಾಬರ ಜೊತೆ ಬಂದಿದ್ದ ಚರ್ಮದ ಚೀಲದಲ್ಲಿ ಸಲಹೆಗಾರನ ಆ ಪಟ್ಟಿಯಿತ್ತು.

"ನೀನು?"

"ಹಲ್ಲಾಕ್," ಎಂದೆ. ಕ್ಷೌರಿಕ ಎನ್ನುವ ಅರಬ್ಬಿ ಪದ ನನಗೆ ಗೊತ್ತಿದ್ದುದು ನನ್ನ ಕಾರ್ಡಿನಿಂದಲೇ.

ಅರ್ಬಾಬ್ ತಲೆಯ ರುಮಾಲು ತೆಗೆದು ಮೇಜಿನ ಮೇಲಿಟ್ಟರು. ಬಂದು ಕುರ್ಚಿಯಲ್ಲಿ ಕೂತರು. ಕತ್ತು ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿ, "ಯಲ್ಲಾ, ಶುರು ಮಾಡು. ಗಡ್ಡ ಸ್ವಲ್ಪ ಸರಿ ಮಾಡು" ಎಂದರು.

ನನ್ನ ಉದ್ಯೋಗ, ಮದುವೆ, ಮಾವನವರ ಫೋನು ಎಲ್ಲವೂ ಆ ನೆರೆತ ಗಡ್ಡದ ತುದಿಯಲ್ಲಿ ನೇತಾಡುತ್ತಿದ್ದವು. ಮುಟ್ಟಿದರೆ ಅವರನ್ನು ಗಾಯ ಮಾಡುತ್ತೇನೆ, ಮುಟ್ಟದಿದ್ದರೆ ಕೆಲಸ ತಪ್ಪಿಸಿದ ಕ್ಷೌರಿಕನಾಗುತ್ತೇನೆ. ಕತ್ತರಿಯನ್ನು ಗಡ್ಡದಿಂದ ಮರ್ಯಾದೆಯ ದೂರದಲ್ಲಿ ಹಿಡಿದು ಗಾಳಿಯಲ್ಲಿ ಕಚಕಚ ಎನಿಸತೊಡಗಿದೆ.

"ಗಡ್ಡ ಈ ಕಡೆ ಇದೆ," ಎಂದರು ಅರ್ಬಾಬ್, ಕಣ್ಣು ತೆರೆಯದೆ.

ಆಗ ಮೂಲೆಯ ಟೆಲೆಕ್ಸ್ ಯಂತ್ರ ಕಟಕಟ ಎಂದಿತು.

ಯಾರೂ ಏಳಲಿಲ್ಲ. ಅದನ್ನು ಮುಟ್ಟುವ ಅಧಿಕಾರ ಯಾವ ಕಾರ್ಡಿನಲ್ಲೂ ಇರಲಿಲ್ಲ. ಯಂತ್ರ ನಿಂತಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಯುರೋಪು ಸೂರ್ಯ ಹುಟ್ಟಿದ ಕ್ರಮದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ, ಆಫೀಸಿಗೆ ಬಂದು ನಮ್ಮ ನೋಟೀಸು ಓದುತ್ತಿತ್ತು. ಅರ್ಬಾಬ್ ಕುರ್ಚಿಯಲ್ಲೇ ಕಾದು ನೋಡಿದರು. ಕಾಗದ ನೆಲಕ್ಕೆ ಮುಟ್ಟಿದಾಗ ಎದ್ದು ಹೋಗಿ ಹರಿದುಕೊಂಡರು.

"ಓದಿ," ಎಂದು ಬಾಗಿಲಲ್ಲಿ ನಿಂತಿದ್ದ ಪುರ್ಬುಗಳಿಗೆ ಹೇಳಿದರು.

"ಮಾಲಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು, ಅರ್ಬಾಬ್?"

ಅರ್ಬಾಬ್ ತಾವೇ ಗಟ್ಟಿಯಾಗಿ ಓದಿದರು. ಗ್ರೀಸಿನಿಂದ: ನಮ್ಮ ಬಂದರೂ ಇವತ್ತು ಬಂದ್, ಆದ್ದರಿಂದ ಯಾವ ತೊಂದರೆಯೂ ಇಲ್ಲ. ಹ್ಯಾಂಬರ್ಗಿನಿಂದ: ಪ್ರತಿಭಟನೆಯ ಆರಂಭ ಮತ್ತು ಮುಕ್ತಾಯದ ಸಮಯವನ್ನು ದಯವಿಟ್ಟು ಖಚಿತಪಡಿಸಿ. ಜಿನೋವಾದಿಂದ: ಅಭಿನಂದನೆಗಳು ಸಂಗಾತಿಗಳೇ, ನಾವು ಗುರುವಾರ ಮಾಡುತ್ತಿದ್ದೇವೆ. ಮಾರ್ಸೇಲ್ಸಿನಿಂದ: ಬರೀ ಒಂದು ದಿನವೇ?

ಬಾಗಿಲಲ್ಲಿ ಪುರ್ಬುಗಳ ಮುಖ ನೋಡಬೇಕಿತ್ತು. ಇಡೀ ಬದುಕಿನ ಸಿದ್ಧಾಂತ ಐದು ನಿಮಿಷದಲ್ಲಿ ಸಾಬೀತಾಗುತ್ತಿತ್ತು, ಅವರಿಗೆ ಸಂತೋಷಪಡುವ ಹಾಗಿರಲಿಲ್ಲ; ಒಂದು ಗಂಟೆಯವರೆಗೆ ಅವರು ಬರೀ ಮಾಲಿ.

ಕೊನೆಯದು ಬಂದದ್ದು ಇಂಗ್ಲೆಂಡಿನ ವಾಲ್ವಿನವರಿಂದ. ಗಣಿಗಳು ಮುಚ್ಚಿದ ಸೀಮೆಯ ಊರು ಅದು. ಅಲ್ಲಿ ನಮ್ಮ ಸಂದೇಶಗಳಿಗೆ ಉತ್ತರಿಸುತ್ತಿದ್ದ ಗುಮಾಸ್ತೆಯನ್ನು ನಾವು ಯಾರೂ ಕಂಡಿರಲಿಲ್ಲ. ಆಕೆ ಒಂದೇ ಸಾಲು ಕಳಿಸಿದ್ದಳು. ನಿಮ್ಮ ಮಕ್ಕಳಿಗೆ ಊಟಕ್ಕೆ ಉಂಟೇ? ಇಲ್ಲವಾದರೆ ನಮ್ಮಲ್ಲಿ ಹೆಂಗಸರು ಚಂದಾ ಎತ್ತುತ್ತೇವೆ.

ಅರ್ಬಾಬ್ ಅದನ್ನು ಓದಿ ನಿಲ್ಲಿಸಿದರು. ಇನ್ನೊಮ್ಮೆ ಓದಿ, ಕಾಗದ ಕೆಳಗಿಳಿಸಿದರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

"ನನ್ನ ಮನೆಯ ಜನ ಹಸಿದಿದ್ದಾರೆ ಅಂತ ವಿಲಾಯಿತಿಗೆ ಬರೆದಿರಾ? ಅಲ್ಲಿಯ ಹೆಂಗಸರು ನನ್ನ ಆಳುಗಳಿಗೆ ಚಂದಾ ಎತ್ತುತ್ತಾರಾ? ನನ್ನ ಬಾಗಿಲಿಗೆ ಬಂದ ದಾರಿಹೋಕನೂ ಉಣ್ಣದೆ ಹೋಗಿಲ್ಲ. ನನ್ನ ಅಪ್ಪನ ಕಾಲದಲ್ಲೂ ಹೋಗಿಲ್ಲ!"

ಪುರ್ಬುಗಳ ಯಾವ ಪಿನ್ನಿಗೂ ಇದು ಗೊತ್ತಿರಲಿಲ್ಲ. ಇಂಗ್ಲೆಂಡಿನ ಉತ್ತರದ ಗುಮಾಸ್ತೆಯ ಒಂದು ಸಾಲು ಒಮಾನಿನ ಗೃಹಸ್ಥರೊಬ್ಬರಿಗೆ ಎಲ್ಲಿ ತಾಗಬಹುದು ಎನ್ನುವುದು ಆ ನಕ್ಷೆಯಲ್ಲಿ ಇರಲಿಲ್ಲ. ಅವರು ಕೆಟಲು ಕೆಳಗಿಟ್ಟು, ಮೊದಲ ಸಲ ಮಾಲಿಯ ದನಿ ಬಿಟ್ಟು ಹೇಳಿದರು. "ಇವತ್ತಿನವರೆಗೆ ಉಂಡಿದ್ದೇವೆ, ಅರ್ಬಾಬ್. ನಾಳೆಯದ್ದು ನಿಮ್ಮ ಚೀಲದಲ್ಲಿದೆ."

ಅರ್ಬಾಬ್ ಚೀಲ ನೋಡಿದರು. ಪಟ್ಟಿ ತೆಗೆದರು. ಮಾಲಿ, ಕ್ಷೌರಿಕ, ವೆಲ್ಡರ್, ದರ್ಜಿ ಎಂದು ಒಂದೊಂದನ್ನೇ ಓದುತ್ತ, ಒಂದೊಂದಕ್ಕೂ ತಲೆಯೆತ್ತಿ ನಮ್ಮ ಕಡೆ ನೋಡಿದರು. ದರ್ಜಿಗಳ ಹತ್ತಿರ ಬಂದಾಗ ಅವರ ಗಡ್ಡ ಅಲುಗಾಡತೊಡಗಿತು. ಅಕೌಂಟೆಂಟನ ಹತ್ತಿರ ಬಂದಾಗ ಗಟ್ಟಿಯಾಗಿ ನಕ್ಕುಬಿಟ್ಟರು. ನಗುತ್ತ ಕ್ಷೌರಿಕನ ಕುರ್ಚಿಯಲ್ಲೇ ಕೂತರು.

"ಅಕೌಂಟೆಂಟ್ ಸಾಹೇಬ್, ಒಂದು ಚಾಯ ಸಿಗುತ್ತದೆಯೇ?"

ಇಕ್ಕ ಪುರ್ಬುಗಳ ಮುಖ ನೋಡಿದ. ಪುರ್ಬುಗಳು ಗಡಿಯಾರ ನೋಡಿದರು. ಒಂದು ಗಂಟೆಗೆ ಇನ್ನೂ ಹೊತ್ತಿತ್ತು. ನೋಟೀಸು ಕೊಟ್ಟ ಮೇಲೆ ಹೇಳಿದ ಹೊತ್ತಿಗಿಂತ ಮೊದಲು ಮುಗಿಸುವಂತಿಲ್ಲ. ಕೊನೆಗೆ ಗಂಭೀರವಾಗಿ ನಿರ್ಣಯ ಕೊಟ್ಟರು. "ಮಾಡು ಇಕ್ಕಾ. ಬಂದವರಿಗೆ ಚಾಯ ಕೊಡುದು ಕೆಲಸ ಅಲ್ಲ."

ಚಾಯ ಕುಡಿದು ಅರ್ಬಾಬ್ ನನ್ನ ಕಡೆ ತಿರುಗಿದರು. "ಹಲ್ಲಾಕ್, ಕತ್ತರಿ ಕೆಳಗಿಡು. ಆ ಹೆಂಗಸಿಗೆ ಬರಿ. ಮಕ್ಕಳೆಲ್ಲ ಉಂಡಿದ್ದಾರೆ. ಮಾಲಿ, ಕ್ಷೌರಿಕ, ವೆಲ್ಡರ್ ಎಲ್ಲರಿಗೂ ಕೆಲಸ ಇದೆ. ಆಕೆ ಮಸ್ಕತ್ತಿಗೆ ಬಂದರೆ ನಮ್ಮ ಮನೆಯಲ್ಲಿ ಉಣ್ಣಬೇಕು. ಖಲಾಸ್."

ನಾನು ಕುಟ್ಟಿದೆ. ನನಗೆ ಮಕ್ಕಳಿರಲಿ, ಮದುವೆಯೇ ಆಗಿರಲಿಲ್ಲ. ಮಕ್ಕಳ ಊಟದ ವಿಷಯ ಅಷ್ಟು ಮುಂಚಿತವಾಗಿ ಇತ್ಯರ್ಥವಾದದ್ದಕ್ಕೆ ಬೆರಳುಗಳು ಹಗುರಾಗಿದ್ದವು. ಎದೆಯಲ್ಲಿ ಶುಕ್ರವಾರದಿಂದ ಕೂತಿದ್ದ ಕಲ್ಲು ಅಕ್ಷರ ಅಕ್ಷರವಾಗಿ ಕರಗಿ ಇಂಗ್ಲೆಂಡಿಗೆ ಹೋಯಿತು. ಹಿಂದೆ ಲೆಕ್ಕದವರು ಕಪ್ಪು ಕನ್ನಡಕ ತೆಗೆಯದೆ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಸಲಹೆಗಾರನಿಗೆ ಅರ್ಬಾಬ್ ಒಳ್ಳೆಯ ಊಟ ಹಾಕಿಸಿ ಕಳಿಸಿದರು. ಎಲ್ಲರ ಸಂಬಳದಲ್ಲೂ ಒಂದಿಷ್ಟು ಕಡಿತವಾಯಿತು, ಅರ್ಬಾಬ್ ಆ ಬೇಸಿಗೆ ಲಂಡನ್ನಿಗೆ ಹೋಗಲಿಲ್ಲ. ಎಣ್ಣೆ ಚೇತರಿಸಿಕೊಂಡಾಗ ಎರಡೂ ಸರಿಹೋದವು. ಕಾರ್ಡುಗಳನ್ನು ಒಂದೊಂದಾಗಿ ತಿದ್ದಿಸಿದರು. ನಾನು ಗುಮಾಸ್ತನಾದೆ. ದರ್ಜಿಗಳೂ ಗುಮಾಸ್ತರಾದರು. ಇಕ್ಕ ಮಾತ್ರ ಊರಿನಲ್ಲಿ ಮಗಳ ಮದುವೆಯ ಮಾತು ನಡೆಯುತ್ತಿದೆ, ಅಕೌಂಟೆಂಟ್ ಎಂದೇ ಇರಲಿ ಎಂದು ಬೇಡಿಕೊಂಡ. ಪುರ್ಬುಗಳನ್ನು ಮಾಲಿಯ ಕೆಲಸದಿಂದ ಬಿಡಿಸುವ ಕಾಗದ ಯಾವುದೋ ಮೇಜಿನಲ್ಲಿ ಸಿಕ್ಕಿಕೊಂಡಿತು, ಅವರೂ ವಿಚಾರಿಸಲು ಹೋಗಲಿಲ್ಲ. ಮೇ ತಿಂಗಳಲ್ಲಿ ನನ್ನ ಮದುವೆಯಾಯಿತು. ಮಾವನವರು ಮಂಟಪದಲ್ಲೂ ಒಮ್ಮೆ ಕೇಳಿದರು, ಕೆಲಸ ಗಟ್ಟಿ ಉಂಟಲ್ಲ ಎಂದು. ಈ ಸಲ ನೇರ ಮುಖ ನೋಡಿ ಉತ್ತರಿಸಿದೆ.

ತೊಂಬತ್ತರ ದಶಕದಲ್ಲಿ ಯುರೋಪಿನ ನಕ್ಷೆಯೇ ಬದಲಾಯಿತು. ಪೂರ್ವದ ದೇಶಗಳು ಒಡೆದು, ಕಾರ್ಖಾನೆಗಳು ಮುಚ್ಚಿ, ಅಲ್ಲಿಯೂ ಜನ ಬೀದಿಗೆ ಬಂದಾಗ ಪುರ್ಬುಗಳಿಗೆ ಪಿನ್ನು ಸಾಲದೆ ಬಂತು. ಹಳೆಯ ಗಡಿಗಳ ಮೇಲೆ ಪೆನ್ಸಿಲಿನಲ್ಲಿ ಹೊಸವನ್ನು ಗೀಚಿಕೊಂಡರು. ಟೆಲೆಕ್ಸ್ ಹೋಗಿ ಫ್ಯಾಕ್ಸ್ ಬಂತು. ಫ್ರಾನ್ಸಿನಲ್ಲಿ ಒಂದು ಚಳಿಗಾಲದಲ್ಲಿ ವಾರಗಟ್ಟಲೆ ರೈಲುಗಳು ನಿಂತಾಗ ಅವರು, "ಇವರೂ ಇಂಗ್ಲಿಷರಾದ್ರಲ್ಲ ಮಾರಾಯ" ಎಂದು ನಿಜವಾಗಿಯೂ ಮರುಗಿದರು. ಅದರ ಮರುವರ್ಷ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಅರ್ಬಾಬ್ ಅವರಿಗೆ ಕೊಟ್ಟದ್ದು ಬರ್ಕಾದ ಖರ್ಜೂರ ಮತ್ತು ಗಿಡಕ್ಕೆ ನೀರು ಹಾಕುವ ಒಂದು ಹಿತ್ತಾಳೆಯ ಝಾರಿ.

"ಸ್ವಲ್ಪ ಸ್ವಲ್ಪವಾಗಿ ಹಾಕಿ," ಎಂದರು ಅರ್ಬಾಬ್.

ಮಂಗಳೂರಿಗೆ ಹೋದ ಮೇಲೆ ಒಂದು ಸಲ ಪುರ್ಬುಗಳಿಂದ ಫೋನು ಬಂತು. ಜೀವನದಲ್ಲಿ ಮೊದಲ ಬಾರಿ ಅವರು ಬೀದಿ ಪ್ರತಿಭಟನೆಯನ್ನು ಕಣ್ಣಾರೆ ಕಂಡಿದ್ದರು. ಯಾರೋ ರಸ್ತೆ ತಡೆ ಮಾಡಿ, ಅವರಿದ್ದ ಸಿಟಿ ಬಸ್ಸು ಸೆಕೆಯಲ್ಲಿ ಅರ್ಧ ದಿನ ನಿಂತಿತ್ತು. ಹೇಗಿತ್ತು ಎಂದು ಕೇಳಿದೆ.

"ಎಂತ ಹೇಳುದು ಪುತಾ, ನೋಟೀಸೇ ಕೊಡ್ಲಿಲ್ಲ. ನಮ್ಮವರು ಪೂರಾ ಫ್ರೆಂಚರು."

ಶತಮಾನ ಮುಗಿಯುವ ಮೊದಲೇ ಅವರು ತೀರಿಕೊಂಡರು. ಮಧ್ಯಾಹ್ನದ ಊಟವಾದ ಮೇಲೆ ಮಲಗಿದವರು ಏಳಲಿಲ್ಲ. ರೂವಿಯಲ್ಲಿ ಮಲಗುತ್ತಿದ್ದ ಅದೇ ಹೊತ್ತು. ಆ ವರ್ಷ ರಜೆಯಲ್ಲಿ ಅವರ ಮನೆಗೆ ಹೋದಾಗ ನನ್ನ ಇಬ್ಬರು ಮಕ್ಕಳೂ ಜೊತೆಗಿದ್ದರು. ಅವರ ಹೆಂಡತಿ ಮಕ್ಕಳಿಗೆ ಮೀನಿನೂಟ ಬಡಿಸಿದರು. ಗೋಡೆಯಲ್ಲಿ ಯುರೋಪು ಪಿನ್ನು ಸಮೇತ ತೂಗುತ್ತಿತ್ತು. ಅಂಗಳದ ಗಿಡಗಳೆಲ್ಲ ಚೆನ್ನಾಗಿದ್ದವು. ಪುರ್ಬುಗಳನ್ನು ಅವುಗಳ ಹತ್ತಿರ ಬಿಡುತ್ತಿರಲಿಲ್ಲವಂತೆ.

ರೂವಿಯ ಮೆಟ್ಟಿಲ ಮೇಲಿದ್ದ ಕಾಗದದ ಹೂವಿನ ಗಿಡ ನಮ್ಮ ಪ್ರತಿಭಟನೆಯ ವಾರವೇ ಬುಡ ಕೊಳೆತು ಸತ್ತಿತು. ನಾವು ಏಳು ಜನರೂ ಉಳಿದೆವು.